ಉಕ್ತಲೇಖನ ಮಾಡಿದ ತಪ್ಪಾದರೂ ಏನು?

ಪತ್ರ: ಎರಡನೇ ತರಗತಿಯ ಮಗಳು ಕಥೆ ಪುಸ್ತಕ ಸರಾಗವಾಗಿ ಓದುತ್ತಾಳೆ. ಬರೆಯಲು ಕೂತರೆ ಮಾತ್ರ ಒತ್ತಕ್ಷರ ಮಾಯ. ಮೊನ್ನೆ ‘ನನ ಹಲು ಬಿತು’ ಅಂತ ಬರೆದಿದ್ದಾಳೆ. ತಾನಾಗೇ ಬರುತ್ತೆ ಬಿಡಿ ಅಂತಾರೆ ಟೀಚರ್. ದಿನಾ ಕಾಗುಣಿತ ಬರೆಸು, ಉಕ್ತಲೇಖನ ಕೊಡು ಅಂತಾರೆ ನಮ್ಮ ಮಾವ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಮೊದಲು ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ.

ಟೀಚರ್ ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಬೈಗುಳಕ್ಕೆ ಹೆದರಿದ ಮಗು ಪೆನ್ಸಿಲ್ಲೇ ಮುಟ್ಟಲ್ಲ. ಆದರೆ ಈ ‘ತಾನಾಗೇ’ ಇದೆಯಲ್ಲ, ಅದನ್ನು ನಾನು ಒಪ್ಪಲ್ಲ. ಮಾತು ತಾನಾಗಿ ಬರುತ್ತೆ, ಬರವಣಿಗೆಯನ್ನು ಯಾರಾದರೂ ಕೂರಿಸಿಕೊಂಡು ಕಲಿಸಬೇಕು.

ಓದುವಾಗ ಮಗಳಿಗೆ ಚಿತ್ರ ಇದೆ, ಹಿಂದಿನ ಸಾಲು ಇದೆ, ಅರ್ಧ ಊಹೆಯಲ್ಲೇ ದಾಟಿಬಿಡುತ್ತಾಳೆ. ಬರೆಯುವಾಗ ಯಾವ ಆಸರೆಯೂ ಇಲ್ಲ. ನೀವು ‘ಹಾಲು’ ಅನ್ನಿ, ಆಮೇಲೆ ‘ಹಲ್ಲು’ ಅನ್ನಿ. ಹಲ್‌ಗೆ ಒಂದು ಚಪ್ಪಾಳೆ, ಲುಗೆ ಇನ್ನೊಂದು. ನಡುವೆ ನಾಲಿಗೆ ಒಂದು ಗಳಿಗೆ ತಡೆಯುತ್ತಲ್ಲ, ಅದೇ ಒತ್ತು. ಉಕ್ತಲೇಖನ ಕಿವಿಗೆ ಕಲಿಸೋದು ಇದನ್ನೇ. ಇನ್ನು ಅರ್ಕಾವತ್ತಿನ, ಅಂದರೆ ಅಕ್ಷರದ ಮುಂದೆ ಹಾಕುವ ರಕಾರದ ಗುರುತಿನ ಕಥೆ ಕೇಳಿ: ‘ಸೂರ್ಯ’ ಅಂದಾಗ ಕಿವಿಗೆ ರಕಾರ ಮೊದಲು, ಯಕಾರ ಆಮೇಲೆ. ಹಾಳೆಯ ಮೇಲೆ ಯ ಮೊದಲು, ಅರ್ಕಾವತ್ತು ಆಮೇಲೆ! ತೋರಿಸಿಕೊಡದೆ ಏಳು ವರ್ಷದ ಮಗು ಇದನ್ನು ಎಲ್ಲಿಂದ ಕಂಡುಹಿಡಿಯಬೇಕು?

ನಾನು ನಲಿ-ಕಲಿ ವಿರೋಧಿ ಅಂದುಕೊಳ್ಳಬೇಡಿ. 1995ರಲ್ಲಿ ನಮ್ಮ ನಾಗರಹೊಳೆ ಆಚೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಆಟ ಹಾಡಿನ ಮೂಲಕ ಕಲಿಸುವ ಪದ್ಧತಿ ಅದು. ಅ ಆ ಇ ಈ ಬಿಟ್ಟು ರ ಗ ಸ ದ ದಿಂದ ಹೊರಡುತ್ತದೆ. ಅಷ್ಟರಲ್ಲೇ ಮಗು ಸರ, ಗರಗಸ ಅಂತ ಓದಿಬಿಡುತ್ತದೆ. ಜಾಣತನದ ಕೆಲಸ. ಆದರೆ ಆಟ ಹಾಡು ಬಂತು ಅಂತ ಉಕ್ತಲೇಖನವನ್ನು ಯಾಕೆ ಮೂಲೆಗೆ ತಳ್ಳಬೇಕು?

ಅದರಲ್ಲೂ ಕೊಡಗಿನಲ್ಲಿ. ಒಂದೇ ಬೆಂಚಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಎರವ ಭಾಷೆ ಆಡುವ ಮಕ್ಕಳು. ಎಷ್ಟೋ ಮಕ್ಕಳು ಪುಸ್ತಕದ ಕನ್ನಡವನ್ನು ಮೊದಲು ಕೇಳೋದೇ ಶಾಲೆಯಲ್ಲಿ. ವಿರಾಜಪೇಟೆ ಕಡೆಯ ಒಂದು ತರಗತಿಯಲ್ಲಿ ಹಿಂದೆ ಕೂತು ನೋಡಿದ್ದೆ. ಲೈನ್‌ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ ಹುಡುಗನೊಬ್ಬ ‘ಕಾಪಿ’ ಅಂತ ಬರೆದ. ಮೇಡಂ ಕೆಂಪು ಗೆರೆ ಎಳೆಯಲಿಲ್ಲ, ಪಕ್ಕದಲ್ಲಿ ‘ಕಾಫಿ’ ಬರೆದು ಪುಸ್ತಕದಲ್ಲಿ ಹುಡುಕಿಸಿದರು. ಊರಿಗೆ ಊರೇ ಕಾಪಿ ಅನ್ನುವಾಗ ಪಾಪ, ಅವನು ಫ ಎಲ್ಲಿಂದ ತರಬೇಕು? ಅದು ಕಣ್ಣಿಂದಲೇ ಬರಬೇಕು, ಓದಿ ಓದಿ. ಅಷ್ಟರ ಮಟ್ಟಿಗೆ ಕಥೆ ಪುಸ್ತಕ ಓದಿದರೆ ಬರವಣಿಗೆ ತಾನಾಗೇ ಬರುತ್ತೆ ಅನ್ನುವವರೂ ಗೆದ್ದರು ಅನ್ನಿ.

ಅದೇ ಹುಡುಗ ಕಾಫಿ ಕೊಯ್ಲು ಮುಗಿದ ಮೇಲೆ ಯಾವ ತೋಟದ ಲೈನ್‌ಗೆ ಹೋಗುತ್ತಾನೋ, ಯಾವ ಶಾಲೆಯೋ. ಮಳೆಗಾಲದ ರಜೆ ಬೇರೆ. ಉಳ್ಳವರು ವ್ಯಾನ್ ಹತ್ತಿಸಿ ಇಂಗ್ಲಿಷ್ ಮೀಡಿಯಂಗೆ ಕಳಿಸುತ್ತಾರೆ, ಆಮೇಲೆ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಲ್ಲ ಅಂತ ಭಾಷಣ ಮಾಡುತ್ತಾರೆ. ಪಂಜೆ ಮಂಗೇಶರಾಯರಂಥ ಮಕ್ಕಳ ಕವಿ ಮೇಷ್ಟ್ರಾಗಿದ್ದ ಜಿಲ್ಲೆ ಇದು, ಹೇಳಿಕೊಳ್ಳೋಕೆ ಮಾತ್ರ ನಮಗೆ ಹೆಮ್ಮೆ.

ಒಂದು ಮಾತು, ಬೇಸರ ಮಾಡಬೇಡಿ. ಒಂದೇ ಪದವನ್ನು ಐವತ್ತು ಸಲ ಬರೆಸಬೇಡಿ, ಅದು ಶಿಕ್ಷೆ. ಸಂಜೆ ಐದು ಪದ ಹೇಳಿ, ಸಾಕು. ಹಲ್ಲು, ಬೆಲ್ಲ, ಅಕ್ಕಿ, ಹಣ್ಣು, ಬೆಕ್ಕು. ತಪ್ಪನ್ನು ಅವಳೇ ಹುಡುಕಲಿ. ಟೀಚರ್ ಹತ್ತಿರ ಜಗಳಕ್ಕೆ ಹೋಗಬೇಡಿ, ಒಂದರಿಂದ ಮೂರನೇ ತರಗತಿ ತನಕ ಎಲ್ಲರನ್ನೂ ಒಟ್ಟಿಗೆ ಕೂರಿಸಿಕೊಂಡು ಹೆಣಗುತ್ತಿರುತ್ತಾರೆ ಅವರು. ಜಗಳ ಆಡಲೇಬೇಕು ಅಂದರೆ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗಿ, ಇನ್ನೊಬ್ಬ ಟೀಚರ್ ಬೇಕು ಅಂತ ಗಟ್ಟಿಯಾಗಿ ಕೇಳಿ. ಮಾವನವರನ್ನೂ ಜೊತೆಗೆ ಕರೆದುಕೊಂಡು ಹೋಗಿ.