ವೀಗನ್ ಆದಮೇಲೆ ಕಾಫಿನೂ ಬಿಡಬೇಕಾ?

ಹಾಲು, ಜೇನುತುಪ್ಪ ಸೇರಿ ಪ್ರಾಣಿಗಳಿಂದ ಬರುವುದನ್ನೆಲ್ಲ ಬಿಟ್ಟು ವೀಗನ್ ಆಗಿ ಆರು ತಿಂಗಳಾಯಿತು, ಬೆಳಗಿನ ಕಾಫಿ ಮಾತ್ರ ಬಿಡೋಕೆ ಆಗುತ್ತಿಲ್ಲ, "ಕಾಡು ಕಡಿದು ಬೆಳೆದದ್ದನ್ನು ಕುಡಿಯುತ್ತಾ ಹಿಂಸೆ ಬೇಡ ಅಂತೀಯಲ್ಲ" ಅಂತ ಗೆಳತಿ ಹಂಗಿಸುತ್ತಾಳೆ ಅಂತ ಬರೆದಿದ್ದೀರಿ. ನಾನು ಸಕಲೇಶಪುರದ ಕಡೆಯವನು. ಮನೆಯಲ್ಲಿ ಮೂರು ಎಕರೆ ಕಾಫಿ ಇದೆ, ವೀಗನ್ ಆಗಿ ನಾಲ್ಕು ವರ್ಷ. ಹಾಗಾಗಿ ಎರಡೂ ಕಡೆಯಿಂದ ಬೈಸಿಕೊಂಡಿದ್ದೇನೆ.

ಬಿಡಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೆ ನಿಮ್ಮ ಗೆಳತಿ ಹೇಳೋದು ಸುಳ್ಳೇನೂ ಅಲ್ಲ. ನಮ್ಮ ತೋಟಗಳಿರುವುದೂ ಕಾಡಿದ್ದ ಜಾಗದಲ್ಲೇ. 19ನೇ ಶತಮಾನದಲ್ಲಿ ಬ್ರಿಟಿಷ್ ಪ್ಲಾಂಟರುಗಳು ಬಂದ ಮೇಲೆ ಬೆಟ್ಟಕ್ಕೆ ಬೆಟ್ಟವೇ ತೋಟವಾಯಿತು. ವಿಯೆಟ್ನಾಂನಲ್ಲಿ ಅದು ನಡೆದದ್ದು ಮೊನ್ನೆ ಮೊನ್ನೆ. 1990ರ ದಶಕದಲ್ಲಿ ಅಲ್ಲಿನ ಬೆಟ್ಟದ ಸೀಮೆಯ ಕಾಡು ಬೋಳಿಸಿ ರೊಬಸ್ಟಾ ಜಾತಿಯ ಕಾಫಿ ಹಾಕಿದರು. ಈಗ ಬ್ರೆಜಿಲ್ ಬಿಟ್ಟರೆ ಅವರದೇ ಜಾಸ್ತಿ ಬೆಳೆ. ಬ್ರೆಜಿಲ್‌ನಲ್ಲಂತೂ ಬಹುಪಾಲು ಕಾಫಿ ಬಟಾಬಯಲಲ್ಲಿ ನಿಂತಿರುತ್ತದೆ, ಕೊಯ್ಯುವ ಯಂತ್ರ ಓಡಾಡುವ ಹಾಗೆ ಸಾಲು ಹಿಡಿದು.

ಇಲ್ಲಿ ಹಾಗಲ್ಲ. ದೇಶದ ಕಾಫಿಯಲ್ಲಿ ಶೇ 70ರಷ್ಟು ಕರ್ನಾಟಕದ್ದು, ಅದು ಬೆಳೆಯುವುದು ಮರದ ನೆರಳಿನಲ್ಲಿ. ನಮ್ಮ ಮೂರೆಕರೆಯಲ್ಲೇ ಹಲಸು, ಅತ್ತಿ, ನಂದಿ, ಹೊನ್ನೆ, ಹಾಲುವಾಣ ಎಲ್ಲ ಇವೆ. ಅತ್ತಿ ಹಣ್ಣಾದ ವಾರ ಹಕ್ಕಿಗಳ ಗಲಾಟೆಗೆ ಫೋನಿನಲ್ಲಿ ಮಾತಾಡೋಕಾಗಲ್ಲ. ಕಾಫಿ ಗಿಡ ಹೂಬಿಡಿಸುವ ಬೇಸಿಗೆಯ ಹೂಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಹೆಜ್ಜೇನು ತಾನಾಗಿ ಬರುತ್ತದೆ. ರೊಬಸ್ಟಾ ಕಾಯಿ ಕಚ್ಚಬೇಕಾದರೆ ಇನ್ನೊಂದು ಗಿಡದ ಪರಾಗ ಬೇಕೇ ಬೇಕು. ಅದರಲ್ಲಿ ಗಾಳಿಯದು ಒಂದಿಷ್ಟು ಪಾಲು, ಜೇನಿನದು ಒಂದಿಷ್ಟು. ಆ ಜೇನನ್ನು ನಾವು ಕಟ್ಟಿ ಹಾಕಿಲ್ಲ, ತುಪ್ಪವನ್ನೂ ಇಳಿಸುವುದಿಲ್ಲ.

ಹಾಗಂತ ನಮ್ಮ ತೋಟಗಳೆಲ್ಲ ಸಾಚಾ ಅಂದುಕೊಳ್ಳಬೇಡಿ. ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕುವ ಚಾಳಿ ದೊಡ್ಡದಿದೆ. ಆಸ್ಟ್ರೇಲಿಯಾದ ಮರ, ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿಯೋಕೆ ಅನುಮತಿಯ ತಲೆನೋವಿಲ್ಲ. ಆದರೆ ಅತ್ತಿಯಲ್ಲಿ ಕೂರುವ ಹಕ್ಕಿಗೆ ಅದರಲ್ಲಿ ತಿನ್ನೋಕೆ ಹಣ್ಣಿಲ್ಲ. ಜೊತೆಗೆ ಆನೆ. ಹಗಲೆಲ್ಲ ತೋಟದ ನೆರಳಲ್ಲಿ ನಿಂತಿರುತ್ತದೆ, ಬೆಳಿಗ್ಗೆ ಕೆಲಸಕ್ಕೆ ಹೊರಟವರ ಎದುರಿಗೇ ಸಿಕ್ಕಿಬಿಡುತ್ತದೆ. ಸಾಯುವುದು ಹೆಚ್ಚಾಗಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಸಾಲುಮನೆಗಳಲ್ಲಿ, ಇರುವ ಕೂಲಿಯವರು. ಪ್ರಾಣಿಯ ಲೆಕ್ಕ ಹಾಕುವಾಗ ಅವರನ್ನು ಮರೆಯುವುದು ನನಗೆ ಸರಿ ಕಾಣುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ನೀರು. ಚಿಕ್ಕವನಿದ್ದಾಗ ನಮ್ಮ ಮೇಲಿನ ಎಸ್ಟೇಟೊಂದರವರು ಪಲ್ಪರ್ ನೀರನ್ನು ಸೀದಾ ಹಳ್ಳಕ್ಕೆ ಬಿಡುತ್ತಿದ್ದರು. ಹಣ್ಣಿನ ಸಿಪ್ಪೆ ಸುಲಿದು, ಬೀಜದ ಲೋಳೆ ತೊಳೆದ ನೀರು. ಅದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಜನವರಿ ಬಂತೆಂದರೆ ಹಳ್ಳ ಕಂದುಬಣ್ಣ, ಹುಳಿ ವಾಸನೆ, ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಹೀಗೆ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಕಾಫಿಯನ್ನು ಪಾರ್ಚ್‌ಮೆಂಟ್ ಅನ್ನುತ್ತೇವೆ. ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದರೆ ಅದು ಚೆರಿ. ಅದಕ್ಕೆ ತೊಳೆಯುವ ಕೆಲಸವೇ ಇಲ್ಲ. ನೀರನ್ನು ಹೊಂಡದಲ್ಲಿ ನಿಲ್ಲಿಸಿ ಸರಿಮಾಡಿ ಬಿಡುವ ಪಾರ್ಚ್‌ಮೆಂಟ್ ತೋಟಗಳೂ ಇವೆ ಅನ್ನಿ.

ಕೊಟ್ಟಿಗೆ ಗೊಬ್ಬರ ಹಾಕ್ತಾರಲ್ಲ ಅಂತ ಯಾರಾದರೂ ತಗಾದೆ ತೆಗೆದರೆ, ರಾಗಿ ಮುದ್ದೆನೂ ಬಿಡಿ ಅಂದುಬಿಡಿ. ಪುನುಗು ಬೆಕ್ಕು ತಿಂದ ಹಣ್ಣಿನ ಬೀಜವನ್ನು ಅದರ ಹಿಕ್ಕೆಯಿಂದ ಆರಿಸಿ ಮಾಡುವ ಕಾಫಿ ಮಾತ್ರ ಮುಟ್ಟಬೇಡಿ. ಇಂಡೊನೇಷ್ಯಾದಲ್ಲಿ ಆ ಬೆಕ್ಕುಗಳನ್ನು ಪಂಜರದಲ್ಲಿ ಕೂಡಿಹಾಕಿ ಹಣ್ಣು ತಿನ್ನಿಸುತ್ತಾರೆ.

ಇನ್ನು ಹಾಲು. ನಮ್ಮ ಫಿಲ್ಟರ್ ಕಾಫಿಯಲ್ಲಿ ಮುಕ್ಕಾಲು ಲೋಟ ಅದೇ ತಾನೆ? 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ ಒಂದು ಲೀಟರ್ ಹಸುವಿನ ಹಾಲಿಗೆ ಜಾಗತಿಕ ಸರಾಸರಿ ಸುಮಾರು 3 ಕೆಜಿ ಇಂಗಾಲದ ಡೈಆಕ್ಸೈಡ್‌ನಷ್ಟು ಹೊರೆ ವಾತಾವರಣಕ್ಕೆ ಬೀಳುತ್ತದೆ. ಸೋಯಾ, ಓಟ್ಸ್ ಹಾಲಿಗೆ 1 ಕೆಜಿ ಆಸುಪಾಸು. ಬಾದಾಮಿ ಹಾಲು ಇಂಗಾಲದಲ್ಲಿ ಹಗುರ, ಆದರೆ ಲೀಟರಿಗೆ 370 ಲೀಟರ್ ನೀರು ಕುಡಿಯುತ್ತದೆ. ಹಾಲು ಬಿಟ್ಟ ನೀವು ಅರ್ಧ ಕೆಲಸ ಆಗಲೇ ಮಾಡಿದ್ದೀರಿ. ಬಿಸಿ ಡಿಕಾಕ್ಷನ್‌ಗೆ ಸೋಯಾ ಹಾಲು ಸುರಿದರೆ ಒಡೆಯುತ್ತದೆ. ಹಾಲನ್ನು ಬೆಚ್ಚಗೆ ಮಾಡಿಕೊಂಡು ಡಿಕಾಕ್ಷನ್ನನ್ನೇ ನಿಧಾನಕ್ಕೆ ಅದಕ್ಕೆ ಬಿಡಿ. ತೆಂಗಿನ ಹಾಲು ಹಾಕಿದ ದಿನ ನಮ್ಮನೆಯಲ್ಲಿ ಪಾಯಸ ಕುಡಿದ ಹಾಗಿತ್ತು.

ನನ್ನ ಈ ಪ್ರಯೋಗಗಳನ್ನೆಲ್ಲ ನೋಡಿ ಅಮ್ಮ, "ಸುಮ್ನೆ ಬೆಲ್ಲದ ಕಾಫಿ ಕುಡಿಯೋ, ನಿಮ್ಮಜ್ಜ ಕುಡೀತಿದ್ದದ್ದು ಅದೇ ಅಲ್ವಾ" ಅಂದರು. ನೀರಿಗೆ ಬೆಲ್ಲ ಹಾಕಿ ಕುದಿಸಿ, ಪುಡಿ ಹಾಕಿ ಇಳಿಸಿ, ಮುಚ್ಚಿಟ್ಟು ಸೋಸುವುದು. ಮಲೆನಾಡು, ಕೊಡಗಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಇದೇ ಕಾಫಿ. ಈಗ ನನ್ನದೂ ಅದೇ.

ಊರಿಂದ ತಂದ ಪುಡಿ ಮುಗಿದಾಗ ಬೆಂಗಳೂರಿನಲ್ಲಿ ಬೀಜ ಹುರಿದು ಪುಡಿಮಾಡಿ ಕೊಡುವ ಅಂಗಡಿಗೇ ಹೋಗುತ್ತೇನೆ. ಪ್ಯಾಕೆಟ್ಟನ್ನು ಪ್ರಶ್ನೆ ಕೇಳೋಕಾಗಲ್ಲವಲ್ಲ. ಯಾವ ಊರಿನ ಬೀಜ, ಚೆರಿಯಾ ಪಾರ್ಚ್‌ಮೆಂಟಾ, ತೋಟದಲ್ಲಿ ಕಾಡುಮರ ಇವೆಯಾ ಅಂತ ಕೇಳಿದೆ. "ಚಿಕೋರಿ ಎಷ್ಟು ಅಂತ ಕೇಳ್ತಾರೆ ಸಾರ್, ಮರದ ವಿಚಾರ ಯಾರೂ ಕೇಳಿಲ್ಲ" ಅಂದರು ಅಂಗಡಿಯವರು. ಮೂರನೇ ಸಲ ಹೋದಾಗ ಅವರೇ ಕರೆದು ಹೇಳಿದರು: ಮೂಡಿಗೆರೆ ಕಡೆಯದು, ಚೆರಿ, ತೋಟದವರ ನಂಬರ್ ಬೇಕಾ?