ಓದುಗರ ಪತ್ರಕ್ಕೆ ಸಂಪಾದಕರ ಉತ್ತರ: ಸೋತ ಪ್ರಚಾರದಿಂದ ಉಳಿದದ್ದೇನು?

(ಅಮೆರಿಕದ ರಾನ್ ಪಾಲ್ ಅವರ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿದ ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: ‘ಸೋತ ಅಭ್ಯರ್ಥಿಯ ಪ್ರಚಾರ ತಳಮಟ್ಟದ ಚಳವಳಿಯಾಗಿ ಮುಂದುವರಿಯಿತು ಎಂದಿದ್ದೀರಿ. ಲಕ್ಷಾಂತರ ಜನ ಆ ಸಿದ್ಧಾಂತವನ್ನು ಒಪ್ಪಿಕೊಂಡರು ಎಂದೂ ಬರೆದಿದ್ದೀರಿ. ಚುನಾವಣೆ ಮುಗಿದ ಮರುದಿನ ಬ್ಯಾನರಿನ ಜೊತೆ ಹುಮ್ಮಸ್ಸನ್ನೂ ಮಡಿಚಿಡುವುದು ಎಲ್ಲ ಕಡೆಯ ರೂಢಿ. ಅಲ್ಲಿ ನಿಜಕ್ಕೂ ಉಳಿದದ್ದೇನು?’)

ಮಾನ್ಯರೇ,

ತಮ್ಮ ಸಂಶಯದಲ್ಲಿ ಹುರುಳಿದೆ. ‘ಮುಂದುವರಿಯಿತು’ ಎಂಬ ಒಂದೇ ಪದದಲ್ಲಿ ನಾವು ಮುಗಿಸಿಬಿಟ್ಟದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಟೆಕ್ಸಸ್‌ನ ಪ್ರಸೂತಿ ವೈದ್ಯರೂ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರೂ ಆಗಿದ್ದ ರಾನ್ ಪಾಲ್, ಸರ್ಕಾರವು ಪ್ರಜೆಯ ಜೇಬಿಗಾಗಲಿ ಖಾಸಗಿ ಬದುಕಿಗಾಗಲಿ ಕೈಹಾಕಬಾರದು, ಪರದೇಶಗಳಲ್ಲಿ ಯುದ್ಧಕ್ಕೂ ಹೋಗಬಾರದು ಎನ್ನುವ ಲಿಬರ್ಟೇರಿಯನ್ ಪಂಥದವರು. 1988ರಲ್ಲಿ ಲಿಬರ್ಟೇರಿಯನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ಅವರಿಗೆ ದಕ್ಕಿದ್ದು ಶೇ 0.5ರಷ್ಟು ಮತ. ಅದೇ ಮಾತುಗಳನ್ನು ಹಿಡಿದು 2007ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಪಕ್ಷದೊಳಗೆ ಸ್ಪರ್ಧಿಸಿದಾಗ, ನವೆಂಬರ್ 5ರಂದು ಒಂದೇ ದಿನದಲ್ಲಿ 40 ಲಕ್ಷ ಡಾಲರಿಗೂ ಹೆಚ್ಚು, ಡಿಸೆಂಬರ್ 16ರಂದು ಸುಮಾರು 60 ಲಕ್ಷ ಡಾಲರ್ ದೇಣಿಗೆ ಹರಿದುಬಂತು. ಜನ ಇದನ್ನು ‘ಮನಿ ಬಾಂಬ್’ ಎಂದು ಕರೆದರು. ಮೊತ್ತಕ್ಕಿಂತ ಗಮನಿಸಬೇಕಾದದ್ದು ಇನ್ನೊಂದಿದೆ: ಈ ದಿನಗಳನ್ನು ಗೊತ್ತುಮಾಡಿದ್ದು ಪ್ರಚಾರ ಕಚೇರಿಯಲ್ಲ, ಬೆಂಬಲಿಗರೇ. ಮೇಲಿನವರ ಅಪ್ಪಣೆಗೆ ಕಾಯದೆ ಕೆಲಸ ಮಾಡುವ ಅಭ್ಯಾಸ ಇವರಿಗೆ ಅಭ್ಯರ್ಥಿ ಕಣದಲ್ಲಿದ್ದಾಗಲೇ ಆಗಿತ್ತು; ಆದ್ದರಿಂದ ಅವರು ಕಣದಿಂದ ಸರಿದಾಗ ಎಲ್ಲವೂ ಒಮ್ಮೆಲೇ ಕುಸಿಯಲಿಲ್ಲ.

2008ರ ಜೂನ್‌ನಲ್ಲಿ ಪ್ರಚಾರವನ್ನು ನಿಲ್ಲಿಸುತ್ತಲೇ ಪಾಲ್ ‘ಕ್ಯಾಂಪೇನ್ ಫಾರ್ ಲಿಬರ್ಟಿ’ ಎಂಬ ಸಂಘಟನೆಯನ್ನು ಘೋಷಿಸಿದರು. ಅವರ ವಿದ್ಯಾರ್ಥಿ ಬೆಂಬಲಿಗರ ಗುಂಪುಗಳಿಂದ ‘ಯಂಗ್ ಅಮೆರಿಕನ್ಸ್ ಫಾರ್ ಲಿಬರ್ಟಿ’ ಹುಟ್ಟಿತು. ಆದರೆ ಬೋರ್ಡು ಬದಲಿಸುವುದು ದೊಡ್ಡ ಮಾತಲ್ಲ. ಮತ ಕೇಳುವ ಕೆಲಸ ಮುಗಿದ ಮೇಲೆ ಊರೂರಿನ ಕಾರ್ಯಕರ್ತ ಸೋಮವಾರ ಬೆಳಿಗ್ಗೆ ಮಾಡುವುದೇನು ಎಂಬುದೇ ಇಂಥ ಕಡೆ ಕಾಡುವ ಪ್ರಶ್ನೆ. ಅದಕ್ಕೆ ಸಿಕ್ಕ ಉತ್ತರ, ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಲೆಕ್ಕಪರಿಶೋಧನೆಯಾಗಬೇಕೆಂದು 2009ರಲ್ಲಿ ಪಾಲ್ ಮಂಡಿಸಿದ ಮಸೂದೆ. ಬ್ಯಾಂಕನ್ನೇ ಮುಚ್ಚಬೇಕೆನ್ನುವುದು ಅವರ ಹಳೆಯ ನಿಲುವು. ಅದನ್ನು ಕೇಳಿ ಹುಬ್ಬೇರಿಸುವವರೂ ಲೆಕ್ಕ ತೋರಿಸಿ ಎಂಬ ಮಾತಿಗೆ ಬೇಡವೆನ್ನಲು ಹಿಂಜರಿದರು. ‘ಸಹಪ್ರಾಯೋಜಕರಾಗಿ ಸಹಿ ಹಾಕಿದ್ದೀರಾ, ಇಲ್ಲವಾ?’ ಎಂದು ಪ್ರತಿ ಕ್ಷೇತ್ರದ ಕಾರ್ಯಕರ್ತನೂ ತನ್ನ ಪ್ರತಿನಿಧಿಯನ್ನು ಕೇಳಬಹುದಾಗಿತ್ತು, ಮತ್ತು ಅದಕ್ಕೆ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ. 435 ಸದಸ್ಯರ ಸದನದಲ್ಲಿ 300ಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಬೇಡಿಕೆಯ ಒಂದಂಶ ಮಾತ್ರ 2010ರ ಹಣಕಾಸು ಸುಧಾರಣಾ ಕಾಯ್ದೆಯಲ್ಲಿ ಸೇರಿತು. 2012ರಲ್ಲಿ ಪೂರ್ಣ ಮಸೂದೆ ಕೆಳಮನೆಯಲ್ಲಿ 327–98 ಮತಗಳಿಂದ ಗೆದ್ದರೂ ಸೆನೆಟ್ ಅದನ್ನು ಎತ್ತಿಕೊಳ್ಳಲೇ ಇಲ್ಲ.

ಎರಡನೆಯ ಕಥೆ ಅಯೋವಾ ರಾಜ್ಯದ್ದು. 2012ರ ಚುನಾವಣೆಗೂ ಪಾಲ್ ರಿಪಬ್ಲಿಕನ್ ಅಭ್ಯರ್ಥಿಯಾಗಲು ಮತ್ತೆ ಸ್ಪರ್ಧಿಸಿದ್ದರು. ಪಕ್ಷದ ಬೆಂಬಲಿಗರು ಊರೂರಿನಲ್ಲಿ ಸಭೆ ಸೇರಿ ಮತ ಹಾಕುವ ಆ ಜನವರಿಯ ಕಾಕಸ್‌ನಲ್ಲಿ ಪಾಲ್ ಅವರಿಗೆ ಶೇ 21ರಷ್ಟು ಮತ, ಮೂರನೆಯ ಸ್ಥಾನ. ಆದರೆ ಆ ರಾತ್ರಿಯ ಮತ ಎಣಿಕೆಗೂ ಅಧ್ಯಕ್ಷೀಯ ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಪಕ್ಷದ ಮಹಾಧಿವೇಶನಕ್ಕೆ ಪ್ರತಿನಿಧಿಗಳನ್ನು ಆರಿಸುವುದಕ್ಕೂ ನೇರ ಸಂಬಂಧವಿರಲಿಲ್ಲ. ಉಳಿದವರು ಮತ ಹಾಕಿ ಮನೆಗೆ ಹೋದರೆ ಪಾಲ್ ಬೆಂಬಲಿಗರು ಸಭೆಯಲ್ಲೇ ಕೂತರು, ಕೌಂಟಿ ಮಟ್ಟಕ್ಕೆ ಆಯ್ಕೆಯಾದರು, ಅಲ್ಲಿಂದ ಸಂಸತ್ ಕ್ಷೇತ್ರಕ್ಕೆ, ಕ್ಷೇತ್ರದಿಂದ ರಾಜ್ಯಕ್ಕೆ. ಆಗಸ್ಟ್‌ನಲ್ಲಿ ಟ್ಯಾಂಪಾದ ಅಧಿವೇಶನ ನಡೆದಾಗ ಅಯೋವಾದ 28 ಮತಗಳಲ್ಲಿ 22 ಪಾಲ್ ಅವರ ಪಾಲಾದವು. ನಮ್ಮ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಯನ್ನು ಕಂಡವರಿಗೆ ಇದು ಅರ್ಥವಾಗುತ್ತದೆ: ಊಟದ ನಂತರವೂ ಕುರ್ಚಿ ಬಿಡದವರ ಠರಾವೇ ಅಂಗೀಕಾರವಾಗುತ್ತದೆ. ಇದನ್ನು ಜಾಣತನ ಎನ್ನುವವರಿದ್ದಾರೆ, ಮತದಾರರಿಗೆ ಮಾಡಿದ ಮೋಸ ಎನ್ನುವವರೂ ಇದ್ದಾರೆ. ನಿಯಮದೊಳಗೇ ನಡೆದ ಕೆಲಸವಾದ್ದರಿಂದ ನಾನು ಮೋಸವೆನ್ನಲಾರೆ. ಆದರೆ ನೆರೆಯವರನ್ನು ಒಲಿಸಿಕೊಳ್ಳದೆ ಗಳಿಸಿದ ಕುರ್ಚಿ ಅದು ಎಂಬುದನ್ನೂ ಮರೆಯಲಾರೆ. ಪಕ್ಷದ ಹಿರಿಯರು ಅದೇ ಅಧಿವೇಶನದಲ್ಲಿ ಮೇನ್ ರಾಜ್ಯದ ಪಾಲ್ ಪ್ರತಿನಿಧಿಗಳಲ್ಲಿ ಅರ್ಧದಷ್ಟು ಮಂದಿಯನ್ನು ಕೈಬಿಟ್ಟರು. ಮುಂದಿನ ಸಲ ಪ್ರತಿನಿಧಿಗಳು ಮತ ಎಣಿಕೆಗೆ ಬದ್ಧರಾಗಿರಬೇಕೆಂದು ನಿಯಮವನ್ನೂ ತಿದ್ದಿದರು.

ವ್ಯಕ್ತಿಯೊಬ್ಬರ ಮೇಲೆ ನಿಂತ ಚಳವಳಿ ಅವರ ಹಳೆಯ ಸಾಲವನ್ನೂ ಹೊರಬೇಕಾಗುತ್ತದೆ. ಪಾಲ್ ಹೆಸರಿನಲ್ಲಿ ಹಿಂದೆ ಪ್ರಕಟವಾಗುತ್ತಿದ್ದ ವಾರ್ತಾಪತ್ರಗಳ ಜನಾಂಗದ್ವೇಷದ ಬರಹಗಳು 2008ರ ಜನವರಿಯಲ್ಲಿ ಬಯಲಿಗೆ ಬಂದವು. ತಾವು ಬರೆದದ್ದಲ್ಲವೆಂದು ಅವರು ಹೇಳಿದರೂ ಕಾರ್ಯಕರ್ತರು ಮನೆಬಾಗಿಲಲ್ಲಿ ಆ ಪ್ರಶ್ನೆಗೆ ಉತ್ತರಿಸುತ್ತಲೇ ಇರಬೇಕಾಯಿತು.

ಇನ್ನು ಸಿದ್ಧಾಂತದ ಮಾತು. 2010ರಲ್ಲಿ ಸೆನೆಟ್‌ಗೆ ಗೆದ್ದಿದ್ದ ಮಗ ರ‍್ಯಾಂಡ್ ಪಾಲ್ 2016ರಲ್ಲಿ ಅಧ್ಯಕ್ಷ ಸ್ಥಾನದ ಕಣಕ್ಕಿಳಿದಾಗ, ತಂದೆಗೆ ಶೇ 21ರಷ್ಟು ಮತ ಕೊಟ್ಟ ಅದೇ ಅಯೋವಾ ಮಗನಿಗೆ ಕೊಟ್ಟದ್ದು ಶೇ 5ಕ್ಕಿಂತ ಕಡಿಮೆ. ಇದೇ ಅಲೆಯಲ್ಲಿ ಕೆಂಟಕಿಯಿಂದ ಕಾಂಗ್ರೆಸ್ಸಿಗೆ ಬಂದ ಥಾಮಸ್ ಮ್ಯಾಸ್ಸಿ, ತಮಗೂ ಪಾಲ್ ಅವರಿಗೂ ಮತ ಹಾಕಿದ್ದ ಎಷ್ಟೋ ಜನ ಟ್ರಂಪ್ ಕಡೆ ಹೋದದ್ದನ್ನು ಕಂಡು, ಅವರು ಆರಿಸಿದ್ದು ವಿಚಾರವನ್ನಲ್ಲ, ಕಣದಲ್ಲಿರುವ ಅತಿ ಹುಚ್ಚು ಮನುಷ್ಯನನ್ನು ಎಂದು 2017ರಲ್ಲಿ ಒಪ್ಪಿಕೊಂಡರು. ತಮ್ಮದೇ ಮತದಾರರ ಬಗ್ಗೆ ಇಷ್ಟು ಬಿಚ್ಚುಮಾತನ್ನಾಡುವ ರಾಜಕಾರಣಿಗಳು ಅಪರೂಪ.

ಉಳಿದದ್ದು, ಹಾಗಾದರೆ, ಕೆಲವು ಸಾವಿರ ತರಬೇತಾದ ಕಾರ್ಯಕರ್ತರು, ಶಾಸನಸಭೆಗಳಲ್ಲಿ ಕೆಲವು ಹಟವಾದಿ ಸದಸ್ಯರು, ಕಾಲೇಜುಗಳಲ್ಲಿ ಒಂದು ವಿದ್ಯಾರ್ಥಿ ಸಂಘಟನೆ. ಲಕ್ಷಾಂತರ ಜನ ಸಿದ್ಧಾಂತವನ್ನು ಒಪ್ಪಿಕೊಂಡರೆಂದು ನಮ್ಮ ಲೇಖನದಲ್ಲಿದ್ದ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇವೆ. ತಿದ್ದಿದ್ದಕ್ಕೆ ತಮಗೆ ಕೃತಜ್ಞತೆಗಳು.

– ಸಂ.