ಸೀಸೆ ಕೊಟ್ಟವರು ಯಾರು ಅಂತ ಯಾಕೆ ಕೇಳಲ್ಲ?

ಓಟದ ಮೂಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಶೂ, ಮಂಡಿನೋವು, ರಾಗಿ ಮಾಲ್ಟ್ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ, ಬೇಜಾರಾಗಬೇಡಿ. ಡೋಪಿಂಗ್, ಅಂದರೆ ಉದ್ದೀಪನ ಮದ್ದಿನ ಬಗ್ಗೆ ಬಂದ ಪತ್ರಗಳೇ ಜಾಸ್ತಿ. ಅದರಲ್ಲೂ ಕೊನೆಯ ಪತ್ರ ಓದಿದ ಮೇಲೆ ಬೇರೆ ಏನೂ ಬರೆಯೋಕೆ ಮನಸ್ಸಾಗಲಿಲ್ಲ.

ಪ್ರಶ್ನೆ: ಕೀನ್ಯಾದ ರೂತ್ ಚೆಪ್‌ನ್‌ಗೆಟಿಚ್ ಮ್ಯಾರಥಾನ್ ವಿಶ್ವದಾಖಲೆ ಮಾಡಿದ ದಿನ ನಮ್ಮ ಓಟದ ಗುಂಪಿನಲ್ಲಿ ಪೇಡಾ ಹಂಚಿದ್ದೆವು. ಈಗ ನೋಡಿದರೆ ಮೂರು ವರ್ಷ ನಿಷೇಧ. ಆದರೂ ದಾಖಲೆ ಮಾತ್ರ ಹಾಗೇ ಇದೆಯಂತೆ. ಇದೆಂಥ ನ್ಯಾಯ ಸ್ವಾಮಿ?
ಧಾರವಾಡದ ಓದುಗರು

ಉತ್ತರ: ಪೇಡಾ ತಿಂದಾಯ್ತು, ಇನ್ನೇನು ಮಾಡೋದು. 2024ರ ಅಕ್ಟೋಬರ್ 13, ಭಾನುವಾರ. ಷಿಕಾಗೋದಲ್ಲಿ ಬೆಳಿಗ್ಗೆ, ನಮಗೆ ಸಂಜೆ. ಮನೆಯಲ್ಲಿ ಊಟಕ್ಕೆ ಕರೆದರೂ ನಾನು ಏಳಲಿಲ್ಲ. ಅರ್ಧ ದಾರಿಯನ್ನು 64 ನಿಮಿಷ 16 ಸೆಕೆಂಡಿಗೆ ದಾಟಿದಾಗಲೇ, ಈಯಮ್ಮ ಇನ್ನೇನು ಕುಸಿದು ಬೀಳ್ತಾಳೆ ಅಂದುಕೊಂಡೆ. ಬೀಳಲಿಲ್ಲ. 2:09:56. ಅದಕ್ಕೆ ಮುಂಚಿನ ದಾಖಲೆ ಇಥಿಯೋಪಿಯಾದ ಟಿಗ್ಸ್ಟ್ ಅಸೆಫಾ 2023ರಲ್ಲಿ ಬರ್ಲಿನ್‌ನಲ್ಲಿ ಮಾಡಿದ 2:11:53. ಒಂದೇ ಏಟಿಗೆ ಹತ್ತಿರ ಹತ್ತಿರ ಎರಡು ನಿಮಿಷ ಕಡಿಮೆ. ಓಟ ಮುಗಿದ ಮೇಲಿನ ಪತ್ರಿಕಾಗೋಷ್ಠಿಯಲ್ಲೇ ಒಬ್ಬ ಪತ್ರಕರ್ತ, ಜನ ಇದನ್ನು ಸಂಶಯದಿಂದ ನೋಡ್ತಾರಲ್ಲ, ಏನಂತೀರಿ ಅಂತ ಕೇಳಿಬಿಟ್ಟ. ಜನ ಅಂದ ಮೇಲೆ ಮಾತಾಡ್ತಾರೆ ಅನ್ನೋ ಥರ ಉತ್ತರ ಬಂತು. ಆ ಪತ್ರಕರ್ತನಿಗೆ ಬೈದವರು ಬಹಳ ಜನ. ನಾನೂ ಬೈದಿದ್ದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ 2025ರ ಮಾರ್ಚ್ 14ರಂದು ಕೊಟ್ಟ ಮೂತ್ರದಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಸಿಕ್ಕಿತು. ಹೆಸರು ದೊಡ್ಡದು, ಆದರೆ ಇದು ನಮ್ಮ ನಿಮ್ಮ ಮನೆಯ ಅಜ್ಜ ಅಜ್ಜಿಯರು ಬಿಪಿಗೆ ತಗೊಳ್ಳೋ ಮಾತ್ರೆಗಳಲ್ಲಿ ಇರೋದೇ. ಇದರಿಂದ ಮೂತ್ರ ಜಾಸ್ತಿ ಹೋಗುತ್ತೆ. ಓಟದ ವೇಗ ಏನೂ ಏರಲ್ಲ, ಆದರೆ ಮೂತ್ರ ನೀರಾಗಿ ಬೇರೆ ಔಷಧದ ಗುರುತು ಮಸುಕಾಗುತ್ತೆ. ಅದಕ್ಕೇ ನಿಷೇಧ. ಮಿಲಿಲೀಟರಿಗೆ 20 ನ್ಯಾನೊಗ್ರಾಂ ದಾಟಿದರೆ ಕೇಳುತ್ತಾರೆ, ಇವರದ್ದು 3,800 ಇತ್ತು. ಮೊದಲು ಏನೂ ಗೊತ್ತಿಲ್ಲ ಅಂದರು, ಆಮೇಲೆ ಮನೆಕೆಲಸದವಳ ಮಾತ್ರೆ ನುಂಗಿದ್ದೆ ಅಂದರು. ತನಿಖೆ ಮಾಡಿದ ಅಥ್ಲೆಟಿಕ್ಸ್ ಇಂಟೆಗ್ರಿಟಿ ಯೂನಿಟ್ ಆ ಕಥೆಯನ್ನು ನಂಬಲಿಲ್ಲ. ಒಪ್ಪಿಕೊಂಡಿದ್ದಕ್ಕೆ ನಾಲ್ಕು ವರ್ಷದ ಶಿಕ್ಷೆ ಮೂರಕ್ಕೆ ಇಳಿಯಿತು.

ದಾಖಲೆ ಯಾಕೆ ಉಳಿಯಿತು ಅಂದರೆ, ಸಿಕ್ಕಿಬಿದ್ದ ಮಾದರಿ ಮಾರ್ಚ್‌ದು. ಆ ದಿನದಿಂದ ಈಚೆಗಿನ ಫಲಿತಾಂಶ ಮಾತ್ರ ರದ್ದು. ಷಿಕಾಗೋ ಅದಕ್ಕೆ ಐದು ತಿಂಗಳು ಹಿಂದಿನದು, ಅವತ್ತಿನ ಲೆಕ್ಕದಲ್ಲಿ ಏನೂ ಸಿಕ್ಕಿಲ್ಲ. ನಿಯಮದ ಪ್ರಕಾರ ಸರಿ. ಹೊಟ್ಟೆಗೆ ಮಾತ್ರ ಇಳಿಯಲ್ಲ.

ಒಂದು ಮಾತು ಕೇಳಲಾ? ಈ ಪ್ರಕರಣ ಓದಿದ ನಿಮಗೆ ರೂತ್ ಹೆಸರು ಗೊತ್ತು. ಅವರ ಕೋಚ್ ಹೆಸರು, ಏಜೆಂಟ್ ಹೆಸರು ಗೊತ್ತಾ? ಅವರೇ ಕೊಟ್ಟರು ಅಂತ ನಾನು ಹೇಳ್ತಿಲ್ಲ. ನಾವು ಯಾರನ್ನು ನೋಡ್ತೀವಿ, ಯಾರನ್ನು ನೋಡಲ್ಲ ಅಂತ ಕೇಳ್ತಿದ್ದೀನಿ ಅಷ್ಟೇ. ಷಿಕಾಗೋ ಗೆದ್ದರೆ ಬಹುಮಾನವೇ ಒಂದು ಲಕ್ಷ ಡಾಲರ್. ಕೀನ್ಯಾದ ರಿಫ್ಟ್ ವ್ಯಾಲಿಯ ಹಳ್ಳಿಯಲ್ಲಿ ಆ ದುಡ್ಡಿನ ಮೇಲೆ ಕಣ್ಣಿಟ್ಟವರು ಓಟಗಾರ್ತಿ ಒಬ್ಬಳೇ ಅಲ್ಲ.

ಪ್ರಶ್ನೆ: ನಾನು ಪಿಇ ಮೇಷ್ಟ್ರು. ಅಮೆರಿಕದ ಕೋಚ್ ಆಲ್ಬರ್ಟೋ ಸಲಜಾರ್ ಅವರ ಒಬ್ಬ ಓಟಗಾರನೂ ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬೀಳಲಿಲ್ಲ ಅಂತಾರೆ. ಹಾಗಾದರೆ ಅವರಿಗೆ ನಿಷೇಧ ಯಾಕೆ? ಶಿಷ್ಯ ತಪ್ಪು ಮಾಡದೆ ಗುರುಗೆ ಶಿಕ್ಷೆನಾ?
ಹಾಸನದಿಂದ

ಉತ್ತರ: ಮೇಷ್ಟ್ರೇ, ಒಳ್ಳೆ ಪ್ರಶ್ನೆ, ಸ್ವಲ್ಪ ಉದ್ದ ಆಗುತ್ತೆ.

ಸಲಜಾರ್ ಸಾಮಾನ್ಯದವರಲ್ಲ. 1980, 81, 82, ಮೂರು ವರ್ಷ ಸಾಲಾಗಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದವರು. 2001ರಲ್ಲಿ ನೈಕಿ ದುಡ್ಡಿನಲ್ಲಿ ಇವರ ಒರೆಗಾನ್ ಪ್ರಾಜೆಕ್ಟ್ ಅನ್ನೋ ತರಬೇತಿ ತಂಡ ಶುರುವಾಯಿತು. ಆಫ್ರಿಕಾದವರನ್ನು ಅಮೆರಿಕದವರು ಮತ್ತೆ ಸೋಲಿಸಬೇಕು ಅನ್ನೋದು ಆಸೆ. 2012ರ ಲಂಡನ್ ಒಲಿಂಪಿಕ್ಸ್ 10,000 ಮೀಟರ್ ನೆನಪಿದೆಯಾ? ಚಿನ್ನ ಬ್ರಿಟನ್ನಿನ ಮೊ ಫರಾಗೆ, ಬೆಳ್ಳಿ ಅಮೆರಿಕದ ಗೇಲನ್ ರಪ್‌ಗೆ. ಇಬ್ಬರೂ ಇವರ ಶಿಷ್ಯರೇ.

2015ರಲ್ಲಿ ಬಿಬಿಸಿ ಮತ್ತು ಅಮೆರಿಕದ ಸುದ್ದಿಸಂಸ್ಥೆ ಪ್ರೊಪಬ್ಲಿಕಾ ಸೇರಿ ಒಳಗಿನ ಕಥೆ ಹೊರಗೆ ಹಾಕಿದವು. ಬಾಯಿ ಬಿಟ್ಟವರು ಯಾರು? ಇವರ ಕೈಕೆಳಗೇ ಸಹಾಯಕ ಕೋಚ್ ಆಗಿದ್ದ ಸ್ಟೀವ್ ಮ್ಯಾಗ್ನೆಸ್, ಇವರ ಗರಡಿಯಲ್ಲೇ ಓಡಿದ ಕಾರಾ ಗೌಚರ್. ಅಮೆರಿಕದ ಡೋಪಿಂಗ್ ತಡೆ ಸಂಸ್ಥೆ ಯುಸಾಡಾ ವರ್ಷಗಟ್ಟಲೆ ಕಾಗದ ಪತ್ರ ಜಾಲಾಡಿತು. ಎರಡು ಸಂಗತಿ ಹೇಳ್ತೀನಿ, ಸಾಕು.

ಒಂದು, ಡ್ರಿಪ್. ಎಲ್-ಕಾರ್ನಿಟಿನ್ ಅನ್ನೋ ಪೂರಕ ನಿಷೇಧಿತ ವಸ್ತು ಅಲ್ಲ. ಆದರೆ ಯಾವ ವಸ್ತುವನ್ನೇ ಆಗಲಿ, ಆಸ್ಪತ್ರೆಯ ಅಗತ್ಯ ಇಲ್ಲದೆ ಆರು ಗಂಟೆಯಲ್ಲಿ 50 ಮಿಲಿಲೀಟರಿಗಿಂತ ಹೆಚ್ಚು ನರಕ್ಕೆ ಏರಿಸಬಾರದು ಅಂತ ಆಗಿನ ನಿಯಮ. 2011ರಲ್ಲಿ ಸಲಜಾರ್ ಮೊದಲು ಪ್ರಯೋಗ ಮಾಡಿಸಿದ್ದು ಅದೇ ಸಹಾಯಕ ಕೋಚ್ ಮ್ಯಾಗ್ನೆಸ್ ಮೇಲೆ. ಹ್ಯೂಸ್ಟನ್ನಿನ ಜೆಫ್ರಿ ಬ್ರೌನ್ ಅನ್ನೋ ಡಾಕ್ಟರ್ ಹತ್ತಿರ ಅವರ ಮೈಗೆ ಏರಿದ್ದು ಒಂದು ಲೀಟರಿಗಿಂತ ಜಾಸ್ತಿ. ಫಲಿತಾಂಶ ನೋಡಿ ಕುಣಿದಾಡಿದ ಸಲಜಾರ್ ಇಮೇಲ್ ಬರೆದಿದ್ದು ಯಾರಿಗೆ ಗೊತ್ತಾ? ಆಮೇಲೆ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದ ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ! ಕೂಡಲೇ ಫೋನ್ ಮಾಡು, ಪರೀಕ್ಷೆ ಮಾಡಿ ನೋಡಿದ್ದೇವೆ, ಅದ್ಭುತವಾಗಿದೆ ಅಂತ. ಕಳ್ಳನ ಕೈಗೆ ಕೀಲಿಕೈ ಕೊಟ್ಟು ಹೇಗಿದೆ ನೋಡು ಅಂದ ಹಾಗೆ.

ಎರಡು, ಮುಲಾಮು. ಯಾರೋ ಆಗದವರು ನಮ್ಮ ಹುಡುಗರ ಮೈಗೆ ಟೆಸ್ಟೋಸ್ಟಿರಾನ್ ಅನ್ನೋ ನಿಷೇಧಿತ ಗಂಡು ಹಾರ್ಮೋನಿನ ಜೆಲ್ ಒರೆಸಿ ಸಿಕ್ಕಿಸಿಬಿಟ್ಟರೆ ಅನ್ನೋ ಭಯ ಇತ್ತಂತೆ ಇವರಿಗೆ. ಹಾಗಾಗಿ 2009ರಲ್ಲಿ ಸ್ವಂತ ಗಂಡು ಮಕ್ಕಳಿಬ್ಬರ ಮೈಗೇ ಜೆಲ್ ಹಚ್ಚಿ, ಎಷ್ಟು ಹಚ್ಚಿದರೆ ಪರೀಕ್ಷೆಯಲ್ಲಿ ಸಿಗುತ್ತೆ ಅಂತ ನೋಡಿದರು. ನೈಕಿ ಕಂಪನಿಯ ಆಗಿನ ಮುಖ್ಯಸ್ಥರಿಗೂ ಇದರ ಇಮೇಲ್ ಹೋಗಿತ್ತು. ಸಿಕ್ಕಿಬೀಳಬಾರದು ಅಂತ ಮಾಡಿದ ಲೆಕ್ಕ ಅಂತಾರೆ. ಆದರೆ ಎಷ್ಟು ಹಚ್ಚಿದರೆ ಸಿಗುತ್ತೆ ಅಂತ ಗೊತ್ತಾದವನಿಗೆ ಎಷ್ಟು ಹಚ್ಚಿದರೆ ಸಿಗಲ್ಲ ಅನ್ನೋದೂ ಗೊತ್ತಾಯ್ತು, ಅಲ್ವಾ?

2019ರಲ್ಲಿ ಸಲಜಾರ್‌ಗೂ ಡಾಕ್ಟರ್ ಬ್ರೌನ್‌ಗೂ ನಾಲ್ಕು ನಾಲ್ಕು ವರ್ಷ ನಿಷೇಧ. ಸುದ್ದಿ ಬಂದಿದ್ದು ದೋಹಾ ವಿಶ್ವ ಚಾಂಪಿಯನ್‌ಶಿಪ್ ನಡುವೆ. ಅವರ ಶಿಷ್ಯೆ, ನೆದರ್ಲೆಂಡ್ಸಿನ ಸಿಫಾನ್ ಹಸನ್ ಅಷ್ಟರಲ್ಲಿ 10,000 ಮೀಟರ್ ಗೆದ್ದಾಗಿತ್ತು. ಕೆಲವೇ ದಿನದಲ್ಲಿ 1500 ಮೀಟರನ್ನೂ ಗೆದ್ದು, ಬೇಕಾದರೆ ದಿನಾ ಬಂದು ಪರೀಕ್ಷೆ ಮಾಡಿ ಅಂತ ಸಿಟ್ಟಿನಿಂದ ಹೇಳಿದಳು. ಆ ಸಿಟ್ಟು ನನಗೆ ಅರ್ಥವಾಗುತ್ತೆ. ಅದೇ ತಿಂಗಳು ನೈಕಿ ಆ ಪ್ರಾಜೆಕ್ಟ್‌ನ ಬಾಗಿಲು ಹಾಕಿತು. ಸಲಜಾರ್ ತಾನು ತಪ್ಪು ಮಾಡಿಲ್ಲ ಅಂತಲೇ ವಾದಿಸಿದರು. ಆದರೆ 2021ರಲ್ಲಿ ಕ್ರೀಡಾ ನ್ಯಾಯಮಂಡಳಿ ಶಿಕ್ಷೆಯನ್ನು ಎತ್ತಿಹಿಡಿಯಿತು.

ಶಿಕ್ಷೆ ಆಗಿದ್ದು ಶಿಷ್ಯರ ತಪ್ಪಿಗಲ್ಲ, ಮೇಷ್ಟ್ರೇ. ಗುರುವಿನದೇ ತಪ್ಪಿಗೆ.

ಇನ್ನೊಂದು ಇದೆ, ಅದರಲ್ಲಿ ಔಷಧವೇ ಇಲ್ಲ. ಸಲಜಾರ್ ಅವರದೇ ಶಿಷ್ಯೆ ಮೇರಿ ಕೇನ್. 17ನೇ ವಯಸ್ಸಿಗೆ, 2013ರ ಮಾಸ್ಕೋ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 1500 ಮೀಟರ್ ಫೈನಲ್ ಓಡಿದ ಹುಡುಗಿ. 2019ರಲ್ಲಿ ಅವಳು ಹೊರಗೆ ಬಂದು ಹೇಳಿದ್ದು ಇದು: ತೂಕ 114 ಪೌಂಡ್, ಅಂದರೆ 52 ಕಿಲೋ ಆಸುಪಾಸಿಗೆ ಇಳಿಸಬೇಕು ಅಂತ ಒತ್ತಡ, ಎಲ್ಲರ ಎದುರು ತೂಕದ ಯಂತ್ರದ ಮೇಲೆ ನಿಲ್ಲಿಸೋದು. ಮೂರು ವರ್ಷ ಮುಟ್ಟು ನಿಂತಿತ್ತು, ಐದು ಕಡೆ ಮೂಳೆ ಮುರಿಯಿತು. ಸಲಜಾರ್ ಈ ಆರೋಪ ಒಪ್ಪಲಿಲ್ಲ. ಮೂತ್ರದ ಸೀಸೆಯಲ್ಲಿ ಇದ್ಯಾವುದೂ ಕಾಣಲ್ಲ. ನಿಮ್ಮ ಶಾಲೆಯಲ್ಲಿ ಹುಡುಗಿಯರ ತೂಕ ನೋಡುವಾಗ ಸುಮ್ನೆ ಒಮ್ಮೆ ನೆನಪಿಸಿಕೊಳ್ಳಿ.

ಪ್ರಶ್ನೆ: ಚೀನಾದ ಓಟಗಾರ್ತಿಯರು ಆಮೆ ರಕ್ತ ಕುಡಿದು ದಾಖಲೆ ಮಾಡಿದ್ದರಂತೆ, ನಿಜಾನಾ?
ಮೈಸೂರಿನ ವಿದ್ಯಾರ್ಥಿ

ಉತ್ತರ: ಕುಡಿದಿರಬಹುದು, ಆದರೆ ಓಡಿಸಿದ್ದು ಆಮೆಯಲ್ಲ. ಕೋಚ್ ಮಾ ಜುನ್‌ರೆನ್ ಹೇಳುತ್ತಿದ್ದ ಕಥೆ ಅದು: ಆಮೆ ರಕ್ತ, ಬೆಟ್ಟದ ಹುಳದ ಮೇಲೆ ಬೆಳೆಯೋ ಅಣಬೆ. 1993ರಲ್ಲಿ ಅವರ ಶಿಷ್ಯೆ ವಾಂಗ್ ಜುನ್‌ಷಿಯಾ ಬೀಜಿಂಗ್‌ನಲ್ಲಿ 10,000 ಮೀಟರನ್ನು 29:31.78ಕ್ಕೆ ಓಡಿ ವಿಶ್ವದಾಖಲೆ ಮಾಡಿದಳು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಮುಂಚೆ ರಕ್ತಪರೀಕ್ಷೆ ಮಾಡಿದಾಗ ಚೀನಾದವರೇ ಮಾ ಅವರ ಓಟಗಾರ್ತಿಯರಲ್ಲಿ ಹೆಚ್ಚಿನವರನ್ನು ಮನೆಯಲ್ಲೇ ಬಿಟ್ಟು ಹೋದರು. 2016ರಲ್ಲಿ ಒಂದು ಹಳೇ ಪತ್ರ ಹೊರಬಂತು. 1995ರಲ್ಲೇ ವಾಂಗ್ ಮತ್ತು ಜೊತೆಗಾರ್ತಿಯರು ಬರೆದಿದ್ದು ಅಂತ ಹೇಳಲಾದ ಪತ್ರ. ಕೋಚ್ ವರ್ಷಗಟ್ಟಲೆ ಬಲವಂತವಾಗಿ ಔಷಧ ಕೊಡುತ್ತಿದ್ದರು ಅಂತ ಅದರಲ್ಲಿತ್ತು.

ಅದೇ ವರ್ಷ ರಿಯೊ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಲ್ಮಾಜ್ ಅಯಾನಾ 29:17.45ಕ್ಕೆ ಓಡಿ ಆ ದಾಖಲೆ ಮುರಿದಳು. ಎಲ್ಲರೂ ಸಂಶಯದಿಂದ ಅವಳ ಮೇಲೆ ಬಿದ್ದರು. ನನ್ನ ಡೋಪಿಂಗ್ ಅಂದರೆ ನನ್ನ ತರಬೇತಿ, ನನ್ನ ಡೋಪಿಂಗ್ ಅಂದರೆ ಯೇಸು ಅಂದಳು. ಇಪ್ಪತ್ಮೂರು ವರ್ಷ ಹಿಂದೆ ಯಾರೋ ಕೋಚ್ ಮಾಡಿದ್ದಕ್ಕೆ ಇವಳು ಉತ್ತರ ಕೊಡಬೇಕಾಯಿತು.

ಪ್ರಶ್ನೆ: ಇದೆಲ್ಲ ಹೊರದೇಶದ ಕಥೆ. ನಮ್ಮ ಹುಡುಗರಿಗೆ ಸರಿಯಾದ ಊಟವೇ ಇಲ್ಲ, ಡೋಪಿಂಗ್ ಎಲ್ಲಿಂದ ಮಾಡ್ತಾರೆ?
ಮಂಗಳೂರಿನಿಂದ

ಉತ್ತರ: 2023ರ ಸೆಪ್ಟೆಂಬರ್, ದೆಹಲಿಯ ರಾಜ್ಯಮಟ್ಟದ ಅಥ್ಲೆಟಿಕ್ಸ್ ಕೂಟ, ಜವಾಹರಲಾಲ್ ನೆಹರೂ ಸ್ಟೇಡಿಯಂ. ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾದವರು ಬಂದಿದ್ದಾರೆ ಅಂತ ಗೊತ್ತಾದದ್ದೇ ತಡ, ಅರ್ಧಕ್ಕರ್ಧ ಜನ ಮಾಯ. ಗಂಡಸರ 100 ಮೀಟರ್ ಫೈನಲ್‌ಗೆ ನಿಂತಿದ್ದು ಒಬ್ಬನೇ ಒಬ್ಬ. ಸ್ಟೀಪಲ್‌ಚೇಸ್ ಓಡಿದ ಒಬ್ಬ ಹುಡುಗಿ ಗೆರೆ ದಾಟಿದ ಮೇಲೂ ನಿಲ್ಲದೆ ಓಡುತ್ತಲೇ ಇದ್ದಳು, ಅಧಿಕಾರಿ ಹಿಂದೆ ಓಡಬೇಕಾಯಿತು. ಶೌಚಾಲಯದಲ್ಲಿ ಸಿರಿಂಜ್ ಬಿದ್ದಿದ್ದವು. ನಗು ಬರುತ್ತೆ, ಆಮೇಲೆ ಬರಲ್ಲ.

ಆ ವರ್ಷ ಭಾರತದಲ್ಲಿ ಪರೀಕ್ಷೆ ಮಾಡಿದ್ದು 5,606 ಮಾದರಿ, ನೂರಕ್ಕೆ 3.8ರಷ್ಟರಲ್ಲಿ ಏನೋ ಒಂದು ಸಿಕ್ಕಿತು. ಅಷ್ಟೊಂದು ಪರೀಕ್ಷೆ ಮಾಡುವ ದೊಡ್ಡ ದೇಶಗಳಲ್ಲಿ ನಾವೇ ಫಸ್ಟ್. ಊಟಕ್ಕೆ ದುಡ್ಡಿಲ್ಲದ ಮನೆಯ ಹುಡುಗನಿಗೆ ಸರ್ಕಾರಿ ಕೆಲಸ ಕೊಡಿಸೋದು ಪದಕ. ಇಂಜೆಕ್ಷನ್ ಊಟಕ್ಕಿಂತ ಅಗ್ಗ.

ಪ್ರಶ್ನೆ: ನನ್ನ ಮಗಳು 3,000 ಮೀಟರ್ ಓಡ್ತಾಳೆ, ಹದಿನಾರು ವರ್ಷ. ಕೋಚ್ ವಿಟಮಿನ್ ಅಂತ ವಾರಕ್ಕೊಂದು ಇಂಜೆಕ್ಷನ್ ಕೊಡಿಸುತ್ತಾರೆ. ಏನು ಅಂತ ಕೇಳಿದರೆ, ನಂಬಿಕೆ ಇಲ್ಲದಿದ್ದರೆ ಮನೆಗೆ ಕರ್ಕೊಂಡು ಹೋಗಿ ಅಂತಾರೆ. ಅವರು ಒಳ್ಳೆಯವರೇ, ಶೂ ಕೂಡ ಕೊಡಿಸಿದ್ದಾರೆ. ಏನು ಮಾಡಲಿ?
ಹಾವೇರಿ ಜಿಲ್ಲೆಯ ಒಬ್ಬ ತಾಯಿ

ಉತ್ತರ: ಅಮ್ಮಾ, ಮೊದಲು ನನ್ನದೇ ಕಥೆ ಕೇಳಿ. ಕಾಲೇಜಿನಲ್ಲಿದ್ದಾಗ ನಾನು ಕ್ರಾಸ್ ಕಂಟ್ರಿ ಓಡುತ್ತಿದ್ದೆ. ಅಂತರ ಕಾಲೇಜು ಕೂಟದ ಬೆಳಿಗ್ಗೆ ನಮ್ಮ ಕೋಚ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ದಿನಪತ್ರಿಕೆ ಹರಿದು ಮಾಡಿದ ಪೊಟ್ಟಣದಿಂದ ಎರಡೆರಡು ಬಿಳಿ ಮಾತ್ರೆ ಅಂಗೈಗೆ ಹಾಕಿದರು. ಪ್ರಸಾದ ಕೊಟ್ಟ ಹಾಗೆ. ನಾವೂ ಪ್ರಸಾದ ತಗೊಂಡ ಹಾಗೇ ಬಲಗೈ ಚಾಚಿದೆವು. ಒಬ್ಬರೂ ಏನು ಅಂತ ಕೇಳಲಿಲ್ಲ. ಗ್ಲೂಕೋಸೇ ಇರಬಹುದು, ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೇ ಇಷ್ಟು ವರ್ಷವಾದರೂ ಚುಚ್ಚುತ್ತೆ. ಅವರೂ ಒಳ್ಳೆಯವರೇ, ನನಗೂ ಶೂ ಕೊಡಿಸಿದ್ದರು.

ಡೋಪಿಂಗ್ ಕಾನೂನು ಇಷ್ಟೇ: ನಿನ್ನ ಮೈಯಲ್ಲಿ ಏನಿದೆಯೋ ಅದಕ್ಕೆ ನೀನೇ ಹೊಣೆ. ಕೊಟ್ಟವರು ಯಾರಾದರೂ ಆಗಲಿ. ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ನೆನಪಿರಬೇಕು, 2010ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದವರು. ಮರುವರ್ಷ ಅವರ ಮತ್ತು ಜೊತೆಗಾರ್ತಿಯರ ಮಾದರಿಯಲ್ಲಿ ಸ್ಟಿರಾಯ್ಡ್ ಸಿಕ್ಕಿತು. ಕೋಚ್ ಕೊಟ್ಟ ಜಿನ್‌ಸೆಂಗ್‌ನಿಂದ ಬಂದಿದ್ದು ಅಂತ ಓಟಗಾರ್ತಿಯರು ವಾದಿಸಿದರು. ಉಕ್ರೇನಿನ ಕೋಚ್‌ನನ್ನು ಸರ್ಕಾರ ಕೆಲಸದಿಂದ ತೆಗೆಯಿತು, ನಿಜ. ಓಡದೆ ಕೂತವರು ಮಾತ್ರ ಈ ಹುಡುಗಿಯರು. ಮೊದಲು ಒಂದು ವರ್ಷದ ಶಿಕ್ಷೆ ಆಗಿತ್ತು, 2012ರಲ್ಲಿ ಅದು ಎರಡಾಯಿತು.

ಇಂಜೆಕ್ಷನ್ ಅಂದ ಕೂಡಲೇ ಕಳ್ಳತನ ಅಂತಲ್ಲ. ರಕ್ತ ಕಡಿಮೆ ಇದ್ದರೆ ಡಾಕ್ಟರೇ ಚುಚ್ಚಬಹುದು. ಆದರೆ ಅದಕ್ಕೆ ರಕ್ತಪರೀಕ್ಷೆ ಚೀಟಿ ಇರುತ್ತೆ, ಔಷಧದ ಹೆಸರು ಇರುತ್ತೆ, ಡಾಕ್ಟರ್ ಸಹಿ ಇರುತ್ತೆ. ಈ ಮೂರೂ ಇಲ್ಲದೆ ಹದಿನಾರರ ಹುಡುಗಿಗೆ ವಾರಕ್ಕೊಂದು ಚುಚ್ಚೋದು ಯಾವ ತರಬೇತಿಯೂ ಅಲ್ಲ. ಮಗಳ ಮುಟ್ಟು ಸರಿಯಾಗಿ ಆಗ್ತಿದೆಯಾ, ದನಿ ಗಡುಸಾಗಿದೆಯಾ, ಮುಖದ ಮೇಲೆ ಮೊಡವೆ ಕೂದಲು ಇದ್ದಕ್ಕಿದ್ದಂತೆ ಜಾಸ್ತಿಯಾಗಿದೆಯಾ, ನೀವೇ ಕೂತು ಕೇಳಿ. ಬೈಯಬೇಡಿ. ಬೈದರೆ ಮುಂದಿನ ಸಲ ನಿಮಗೆ ಹೇಳಲ್ಲ.

ಈ ವಾರದ ಇಂಜೆಕ್ಷನ್ ಬೇಡ ಅನ್ನಿ. ಕೋಚ್ ಹತ್ತಿರ ಜಗಳ ಬೇಡ, ಒಂದು ಚೀಟಿ ಪೆನ್ನು ಕೊಟ್ಟು, ಸರ್, ಔಷಧದ ಹೆಸರು ಬರೆದುಕೊಡಿ, ನಮ್ಮ ಡಾಕ್ಟರಿಗೆ ತೋರಿಸ್ತೀವಿ ಅಂತ ಮಾತ್ರ ಹೇಳಿ. ಬರೆದುಕೊಟ್ಟರೆ ನಾಡಾದವರ ನೋ ಯುವರ್ ಮೆಡಿಸಿನ್ ಆ್ಯಪ್‌ನಲ್ಲಿ ಮಗಳೇ ಆ ಹೆಸರು ಹಾಕಿ ನೋಡಬಹುದು. ಬರೆದುಕೊಡದಿದ್ದರೆ ಅವರೇ ಹೇಳಿದ ಹಾಗೆ ಮನೆಗೆ ಕರ್ಕೊಂಡು ಬನ್ನಿ. ಶೂ ಬೇಕಾದರೆ ವಾಪಸ್ ಕೊಟ್ಟುಬಿಡಿ. ಅವಳ ಕಾಲಿನ ಅಳತೆ ಎಷ್ಟು ಅಂತ ಪತ್ರಿಕೆ ವಿಳಾಸಕ್ಕೆ ಬರೆಯಿರಿ.